ಅಮೈನೊ ಆಸಿಡ್ಡಿಗೂ ಮುಹೂರ್ತವೇ ಸ್ವಾಮಿ?

ಬೆಳಿಗ್ಗೆ ಎದ್ದ ತಕ್ಷಣ ಬರಿಹೊಟ್ಟೆಗೆ ಎರಡು ಮಾತ್ರೆ. ಕಸರತ್ತಿಗೆ ಅರ್ಧ ಗಂಟೆ ಮುಂಚೆ ಒಂದು ಚಮಚ ಪುಡಿ. ಕಸರತ್ತು ಮುಗಿದು ಮೂವತ್ತು ನಿಮಿಷದೊಳಗೆ ಇನ್ನೊಂದು ಚಮಚ, ತಡವಾದರೆ ಪಟ್ಟ ಶ್ರಮವೆಲ್ಲ ಹೊಳೆಗೆ ಹಾಕಿದ ಹುಣಿಸೆಹಣ್ಣು. ಊಟಕ್ಕೂ ಇದಕ್ಕೂ ಎರಡು ಗಂಟೆ ಅಂತರ ಇರಲೇಬೇಕು. ಮಲಗುವಾಗ ಮತ್ತೆರಡು ಮಾತ್ರೆ. ಹಾಲಿನ ಜೊತೆ ಬೇಡ, ಅನ್ನದ ಜೊತೆ ಬೇಡವೇ ಬೇಡ, "ದೇಹ ಹೀರಿಕೊಳ್ಳೋದು ಕಮ್ಮಿಯಾಗುತ್ತೆ".

ವಿಶಾಖಪಟ್ಟಣದ ದ್ವಾರಕಾನಗರದ ಕಡೆಗಾಗಲಿ, ವಿಜಯವಾಡದ ಬೆಂಜ್ ಸರ್ಕಲ್ ಕಡೆಗಾಗಲಿ ಹೋಗಿ, ದೊಡ್ಡ ದೊಡ್ಡ ಡಬ್ಬ ಜೋಡಿಸಿಟ್ಟ ಯಾವುದಾದರೂ ಅಂಗಡಿಯಲ್ಲಿ ಐದು ನಿಮಿಷ ನಿಲ್ಲಿ. ಈ ವೇಳಾಪಟ್ಟಿ ಪುಕ್ಕಟೆಯಾಗಿ ಸಿಗುತ್ತೆ. "ಪರಗಡುಪುನ ವೇಸುಕೋಂಡಿ ಸಾರ್" ಅಂತಾನೆ ಹುಡುಗ. ಪರಗಡುಪು ಅಂದ್ರೆ ತೆಲುಗಿನಲ್ಲಿ ಬರಿಹೊಟ್ಟೆ. ಅವನು ಹೇಳುವ ಗತ್ತು ನೋಡಬೇಕು, ಪುರೋಹಿತರು ಲಗ್ನಪತ್ರಿಕೆ ಓದಿದ ಹಾಗಿರುತ್ತೆ. ನಮ್ಮಜ್ಜಿಯೂ ಪಂಚಾಂಗ ನೋಡಿ, "ರಾಹುಕಾಲ ಕಳೀಲಿ, ಆಮೇಲೆ ಹೊರಡು" ಅಂತಿದ್ದಳು. ಪಾಪ, ಅಜ್ಜಿ ಅದಕ್ಕೆ ಎರಡೂವರೆ ಸಾವಿರ ರೂಪಾಯಿ ಕೇಳ್ತಿರಲಿಲ್ಲ.

ನಾನು ಡಾಕ್ಟರಲ್ಲ. ಮೈಸೂರು ಸೀಮೆ ಬಿಟ್ಟು ಈ ಕಡೆ ಬಂದು ಮೂವತ್ತು ವರ್ಷದ ಮೇಲಾಯ್ತು. ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಮನೆ ವೈಜಾಗಿನಲ್ಲಿ, ಕೆಲಸ ಬಹಳ ವರ್ಷ ವಿಜಯವಾಡದಲ್ಲಿ. ಹಾಗಾಗಿ ನನ್ನ ಅರ್ಧ ಆಯಸ್ಸು ರತ್ನಾಚಲ್ ಎಕ್ಸ್‌ಪ್ರೆಸ್ಸಿನ ಕಿಟಕಿ ಪಕ್ಕ ಕಳೆದಿದೆ. ಆ ರೈಲಿನಲ್ಲಿ ಕೂತು ಓದಿದ್ದು, ಎರಡೂ ಊರಿನಲ್ಲಿ ಕಣ್ಣಾರೆ ಕಂಡದ್ದು, ಆಮೇಲೆ ನನ್ನ ಕಸುಬಿನ ಕೂಡಿ ಕಳೆಯೋ ಲೆಕ್ಕ, ಇಷ್ಟೇ ನನ್ನ ಬಂಡವಾಳ. ಅಷ್ಟರ ಮೇಲೆ ಹೇಳ್ತೀನಿ: ಅಮೈನೊ ಆಸಿಡ್ ಯಾವ ಹೊತ್ತಿಗೆ ತಗೊಂಡ್ರೆ ಚೆನ್ನಾಗಿ ಮೈಗೆ ಹತ್ತುತ್ತೆ ಅನ್ನೋದು ಅಂಗಡಿಯವರು ಹುಟ್ಟಿಸಿದ ಪ್ರಶ್ನೆ. ಉಂಡು ಅರಗಿಸಿಕೊಳ್ಳುವ ಆರೋಗ್ಯವಂತನಿಗೆ ಈ ಗಡಿಯಾರದಿಂದ ಆಗುವ ಉಪಕಾರ ಇಲ್ಲವೆನ್ನುವಷ್ಟು ಸಣ್ಣದು. ಆದರೆ ಗಡಿಯಾರ ನಿಜವಾಗಿಯೂ ಬೇಕಾದ ಕೆಲವು ಜನ ಇದ್ದಾರೆ. ಅವರು ಆ ಅಂಗಡಿಗೆ ಹೋದಾಗ ಯಾರೂ ಅವರನ್ನು ಒಂದು ಮಾತು ಕೇಳೋದಿಲ್ಲ. ನನ್ನ ಸಿಟ್ಟು ಇರೋದು ಅಲ್ಲಿ.

ಮೊದಲು ಹೊಟ್ಟೆಯೊಳಗೆ ಏನಾಗುತ್ತೆ ಅಂತ ನೋಡೋಣ. ಪ್ರೋಟೀನ್ ಅಂದ್ರೆ ಮಣಿಸರ. ಮಣಿಗಳೇ ಅಮೈನೊ ಆಸಿಡ್, ಒಟ್ಟು 20 ಬಗೆ. ಅದರಲ್ಲಿ 9 ಬಗೆಯನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಜಠರದಲ್ಲಿ ಆಮ್ಲ ಮತ್ತು ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮತ್ತದರ ಬಂಧುಬಳಗ ಸೇರಿ ಸರವನ್ನು ಕತ್ತರಿಸುತ್ತವೆ. ಮಾರುವವರ ವಾದ ಏನಂದ್ರೆ, "ನಮ್ಮದು ಮೊದಲೇ ಬಿಡಿಸಿಟ್ಟ ಮಣಿ ಸಾರ್, ಕತ್ತರಿಸೋ ಕೆಲಸವೇ ಇಲ್ಲ, ಸೀದಾ ರಕ್ತಕ್ಕೆ." ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ನಮ್ಮ ಕರುಳು ಈ ವಾದ ಕೇಳಿಸಿಕೊಂಡಿಲ್ಲ. ಎರಡೆರಡು ಮೂರು ಮೂರು ಮಣಿ ಕೂಡಿದ ತುಂಡುಗಳನ್ನು ಒಳಗೆ ಎಳೆದುಕೊಳ್ಳೋಕೆ ಕರುಳಿನಲ್ಲಿ ಬೇರೆಯೇ ಬಾಗಿಲಿದೆ, ಪೆಪ್‌ಟಿ-1 ಅಂತ ಅದರ ಹೆಸರು. ಒಂಟಿ ಮಣಿಗಳಿಗೆ ಇರುವ ಬಾಗಿಲುಗಳೇ ಬೇರೆ, ಅಲ್ಲಿ ಒಂದೇ ಜಾತಿಯ ಹಲವು ಮಣಿಗಳು ಒಂದೇ ಬಾಗಿಲಿಗೆ ಮುಗಿಬೀಳುತ್ತವೆ. ವಿಜಯವಾಡ ಜಂಕ್ಷನ್ನಿನಲ್ಲಿ ಕುಟುಂಬ ಸಮೇತ ಬಂದವರನ್ನು ಒಂದು ಕಡೆಯಿಂದ ಒಟ್ಟಿಗೆ ಒಳಗೆ ಬಿಟ್ಟು, ಒಂಟಿಯಾಗಿ ಬಂದವರನ್ನೆಲ್ಲ ಒಂದೇ ಗೇಟಿನಲ್ಲಿ ಸಾಲು ನಿಲ್ಲಿಸಿದರೆ ಹೇಗಿರುತ್ತೆ? ಹಾಗೆ. ತುಂಡುಗಳಾಗಿ ಬಂದದ್ದು ಎಷ್ಟೋ ಸಲ ಒಂಟಿ ಮಣಿಗಿಂತ ಬೇಗ ಒಳಗೆ ಹೋಗುತ್ತೆ. ದುಡ್ಡು ಕೊಟ್ಟು ಬಿಡಿಸಿಕೊಂಡ ಮಣಿಗೆ ವಿಶೇಷ ಮರ್ಯಾದೆ ಏನೂ ಇಲ್ಲ.

ಬರಿಹೊಟ್ಟೆಗೆ ತಗೊಂಡ್ರೆ ರಕ್ತಕ್ಕೆ ಬೇಗ ಸೇರುತ್ತೆ ಅನ್ನೋದು ಸುಳ್ಳಲ್ಲ. ಬೇಗ ಸೇರಿದ ಮಾತ್ರಕ್ಕೆ ಹೆಚ್ಚು ಸೇರಿತು ಅಂತ ಅಲ್ಲವಲ್ಲ! ಅನ್ನದ ಜೊತೆ ಹೋದದ್ದು ನಿಧಾನವಾಗಿ ಇಳಿದು, ನಿಧಾನವಾಗಿ ಕರಗಿ, ಗಂಟೆಗಟ್ಟಲೆ ರಕ್ತಕ್ಕೆ ಒದಗುತ್ತಾ ಇರುತ್ತೆ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದ್ರೆ, ಚೆಕ್ ಇವತ್ತು ಪಾಸಾದರೇನು ನಾಳೆ ಪಾಸಾದರೇನು, ಮೊತ್ತ ಅದೇ.

ಇನ್ನು ಆ ಪ್ರಸಿದ್ಧ ಮೂವತ್ತು ನಿಮಿಷ. ವೈಜಾಗಿನ ಬೀಚ್ ರೋಡಿನಲ್ಲಿ ಬೆಳಿಗ್ಗೆ ನಡೆಯೋಕೆ ಹೋದ್ರೆ ನೀವೇ ನೋಡಬಹುದು, ಓಟ ಮುಗಿಸಿದ ಹುಡುಗರು ಉಸಿರು ಬಿಡೋಕೂ ಮುಂಚೆ ಶೇಕರ್ ಬಾಟಲಿ ಗಡಗಡ ಅಲ್ಲಾಡಿಸ್ತಾ ನಿಂತಿರ್ತಾರೆ, ಕಣ್ಣು ವಾಚಿನ ಮೇಲೆ. ಕಿಟಕಿ ಮುಚ್ಚಿಬಿಡುತ್ತಂತೆ! 2013ರಲ್ಲಿ ಶೋನ್‌ಫೆಲ್ಡ್, ಅರಗಾನ್, ಕ್ರೀಗರ್ ಅನ್ನುವ ಮೂವರು ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸುಮ್ಮನೆ ನೋಡಿದರೆ ಹೊತ್ತಿಗೆ ಸರಿಯಾಗಿ ಪ್ರೋಟೀನ್ ತಗೊಂಡವರಿಗೆ ಸ್ವಲ್ಪ ಲಾಭ ಕಾಣ್ತಿತ್ತು. ಆದರೆ ಆ ಗುಂಪಿನವರು ದಿನಕ್ಕೆ ಒಟ್ಟಾರೆ ಹೆಚ್ಚು ಪ್ರೋಟೀನ್ ತಿಂದಿದ್ದರು. ಅದನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಹೊತ್ತಿನ ಮಹಿಮೆ ಮಾಯವಾಯ್ತು. ಕಸರತ್ತು ಮಾಡಿದ ಸ್ನಾಯು ಪ್ರೋಟೀನಿಗೆ ಬಾಯಿ ತೆರೆದುಕೊಂಡೇ ಇರುತ್ತೆ, ಕಡಿಮೆ ಅಂದ್ರೂ ಒಂದು ದಿನ ಪೂರ್ತಿ. ಬೆಳಿಗ್ಗೆ ಏಳಕ್ಕೆ ಓಡಿ, ಮನೆಗೆ ಬಂದು ಸ್ನಾನ ಮಾಡಿ, ಎಂಟೂವರೆಗೆ ತಿಂಡಿ ತಿಂದವನಿಗೆ ಯಾವ ನಷ್ಟವೂ ಇಲ್ಲ.

"ಒಂದು ಸಲಕ್ಕೆ 25 ಗ್ರಾಂಗಿಂತ ಹೆಚ್ಚು ಹೀರಿಕೊಳ್ಳೋಕೆ ಆಗಲ್ಲ, ಅದಕ್ಕೇ ಆರು ಸಲ ತಗೋಬೇಕು" ಅನ್ನೋ ಇನ್ನೊಂದು ಮಂತ್ರ ಇದೆ. ಆರು ಸಲ ತಗೊಂಡ್ರೆ ಡಬ್ಬ ಬೇಗ ಖಾಲಿ ಆಗುತ್ತೆ ಅನ್ನೋದು ನಿಜ, ಉಳಿದದ್ದು ಸುಳ್ಳು. 2023ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು ಕಸರತ್ತಿನ ನಂತರ ಒಂದು ಗುಂಪಿಗೆ 25 ಗ್ರಾಂ, ಇನ್ನೊಂದಕ್ಕೆ 100 ಗ್ರಾಂ ಹಾಲಿನ ಪ್ರೋಟೀನ್ ಕೊಟ್ಟು ನೋಡಿದರು. 100 ಗ್ರಾಂ ವ್ಯರ್ಥವಾಗಲಿಲ್ಲ, ದೇಹ ಹನ್ನೆರಡು ಗಂಟೆಗೂ ಮೀರಿ ಅದನ್ನು ಬಳಸಿಕೊಳ್ತಾ ಹೋಯ್ತು. ಅಲ್ಲ ಸ್ವಾಮಿ, ಹಬ್ಬದ ದಿನ ಮಧ್ಯಾಹ್ನ ಮೂರಕ್ಕೆ ಗಡದ್ದಾಗಿ ಉಂಡು ರಾತ್ರಿ ಊಟ ಬಿಡುವ ಜಾತಿ ನಾವು. ನಮ್ಮ ಹೊಟ್ಟೆಗೆ ಇದು ಮೊದಲೇ ಗೊತ್ತಿರಲಿಲ್ವೇ?

ಈಗ ಲೆಕ್ಕಕ್ಕೆ ಬರ್ತೀನಿ, ನನಗೆ ಇಷ್ಟವಾದ ಭಾಗ ಇದು.

ಡಬ್ಬದ ಅಂಗಡಿ ಬಿಡಿ, ಮೆಡಿಕಲ್ ಶಾಪಿನಲ್ಲಿ "ವಿಟಮಿನ್ ಜೊತೆ ಅಮೈನೊ ಆಸಿಡ್" ಅಂತ ಕ್ಯಾಪ್ಸೂಲ್ ಸಿಗುತ್ತೆ. ಸುಸ್ತು ಅಂತ ಹೋದವರಿಗೆಲ್ಲ ಒಂದು ಪಟ್ಟಿ ಕೈಗೆ ಬರುತ್ತೆ. ಅದರ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿ. ನನ್ನ ಕೈಗೆ ಬಂದದ್ದರಲ್ಲಿ ಲ್ಯೂಸಿನ್ 18.3 ಮಿಲಿಗ್ರಾಂ, ಲೈಸಿನ್ 25 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಯ ಸಂಸ್ಥೆಗಳ 2007ರ ವರದಿ ಪ್ರಕಾರ ದೊಡ್ಡವರಿಗೆ ದಿನಕ್ಕೆ ಬೇಕಾದ ಲ್ಯೂಸಿನ್, ದೇಹತೂಕದ ಪ್ರತಿ ಕಿಲೋಗೆ 39 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 2340 ಮಿಲಿಗ್ರಾಂ ಆಯ್ತು. ಭಾಗಿಸಿ ನೋಡಿ. ಲ್ಯೂಸಿನ್ ಭರ್ತಿಯಾಗೋಕೆ ದಿನಕ್ಕೆ 128 ಕ್ಯಾಪ್ಸೂಲ್ ನುಂಗಬೇಕು! ಲೈಸಿನ್ ಲೆಕ್ಕ ಸ್ವಲ್ಪ ದಯಾಳು, 72ಕ್ಕೆ ಮುಗಿಯುತ್ತೆ. ಇಂಥ ಕ್ಯಾಪ್ಸೂಲನ್ನು ಊಟಕ್ಕೆ ಮುಂಚೆ ನುಂಗಬೇಕೋ ಆಮೇಲೆ ನುಂಗಬೇಕೋ ಅಂತ ಚರ್ಚೆ ಮಾಡೋದು, ಸಮುದ್ರಕ್ಕೆ ಒಂದು ಲೋಟ ನೀರು ಹಾಕೋಕೆ ಭರತ ಕಾಲ ಒಳ್ಳೆಯದೋ ಇಳಿತ ಕಾಲ ಒಳ್ಳೆಯದೋ ಅಂತ ಕೇಳಿದ ಹಾಗೆ.

ಜಿಮ್ಮಿನವರ ಮಾತ್ರೆ ದೊಡ್ಡದಿರುತ್ತೆ, ಒಂದೊಂದು ಒಂದು ಗ್ರಾಂ ಅಂತಲೇ ಹಿಡಿಯೋಣ. ದಿನಕ್ಕೆ ಆರು ನುಂಗಿದರೆ 6 ಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ ಇರೋದೂ ಹತ್ತಿರ ಹತ್ತಿರ ಅಷ್ಟೇ ಪ್ರೋಟೀನ್. ಮೊಟ್ಟೆ ಬೆಲೆ ಏರಿದೆ, ಆದ್ರೂ ಎಂಟು ರೂಪಾಯಿ ಅನ್ನಿ. ಆಂಧ್ರ ದೇಶದಲ್ಲೇ ಅತಿ ಹೆಚ್ಚು ಮೊಟ್ಟೆ ಉತ್ಪಾದಿಸುವ ರಾಜ್ಯ. ಇಲ್ಲಿ ಕೂತು ಮಾತ್ರೆ ನುಂಗೋದು ಅಂದ್ರೆ ಕಾವೇರಿ ದಂಡೆಯಲ್ಲಿ ಬಾಟಲಿ ನೀರು ಕೊಂಡಂತೆ.

ಕೋಳಿ ಅಂದಮೇಲೆ ಒಂದು ವಿಷಯ ಹೇಳಬೇಕು. ಅಮೈನೊ ಆಸಿಡ್ಡಿನ ಶಾಸ್ತ್ರವನ್ನು ಸರಿಯಾಗಿ ಅರ್ಥ ಮಾಡಿಕೊಂಡು ಬಳಸುವವರು ಈ ರಾಜ್ಯದಲ್ಲಿ ಯಾರಾದ್ರೂ ಇದ್ದರೆ ಅದು ಕೋಳಿ ಫಾರಂನವರು. ಮೆಕ್ಕೆಜೋಳ, ಸೋಯಾ ಹಿಂಡಿ ಹಾಕಿ ಸಾಕುವ ಕೋಳಿಗೆ ಮೊದಲು ಕೊರತೆ ಬೀಳೋದು ಮಿಥಿಯೊನಿನ್, ಆಮೇಲೆ ಲೈಸಿನ್. ಅವರು ಮೇವಿನಲ್ಲಿ ಎಷ್ಟಿದೆ, ಎಷ್ಟು ಕಡಿಮೆ ಇದೆ ಅಂತ ತೂಕ ಹಾಕಿ ಕೊರತೆಯಷ್ಟನ್ನೇ ಮೇವಿಗೆ ಬೆರೆಸ್ತಾರೆ. ಬೆಳಿಗ್ಗೆ ಬರಿಹೊಟ್ಟೆಗೆ ಕೋಳಿಯನ್ನು ಎಬ್ಬಿಸಿ ಕೊಡೋದಿಲ್ಲ. ಒಂದು ಮಣಿ ಕಡಿಮೆಯಿದ್ದರೆ ಸರ ಅಲ್ಲಿಗೇ ನಿಲ್ಲುತ್ತೆ, ಉಳಿದ ಮಣಿ ಎಷ್ಟಿದ್ದರೂ ಪ್ರಯೋಜನ ಇಲ್ಲ ಅಂತ ಅವರಿಗೆ ಗೊತ್ತು, ಯಾಕಂದ್ರೆ ಲೆಕ್ಕ ತಪ್ಪಿದರೆ ಅವರ ಜೇಬಿಗೆ ಬೀಳುತ್ತೆ. ನಮ್ಮ ಹುಡುಗರು ಮಾತ್ರ ಬಿಸಿಎಎ ಅಂತ 9ರಲ್ಲಿ ಮೂರೇ ಮೂರು ಮಣಿ (ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್) ಇರುವ ಬಣ್ಣದ ನೀರು ಕುಡಿದು ಸ್ನಾಯು ಕಟ್ಟೋಕೆ ಹೊರಡ್ತಾರೆ. ಉಳಿದ ಆರು ಎಲ್ಲಿಂದ ಬರಬೇಕು? ಇದ್ದ ಸ್ನಾಯುವನ್ನೇ ಒಡೆದು ತರಬೇಕು. 2017ರಲ್ಲಿ ರಾಬರ್ಟ್ ವೂಲ್ಫ್ ಅನ್ನುವ ಶರೀರಶಾಸ್ತ್ರಜ್ಞ ಇದನ್ನೇ ವಿವರವಾಗಿ ಬರೆದು, ಆ ಮೂರರಿಂದಷ್ಟೇ ಸ್ನಾಯು ಬೆಳೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ ಅಂದರು. ಕೋಳಿಯವರಿಗೆ ಇರುವ ವಿವೇಕ ಕೋಚ್‌ಗಳಿಗೆ ಇಲ್ಲವಾಯ್ತಲ್ಲ!

ಹಾಗಂತ ನಾನು "ನಮ್ಮ ಹಿರಿಯರ ಊಟದಲ್ಲಿ ಎಲ್ಲಾ ಇತ್ತು" ಅಂತ ಎದೆ ತಟ್ಟಿಕೊಳ್ಳುವವನೂ ಅಲ್ಲ. ಆ ಜನರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಡಾ. ಅನುರಾ ಕುರ್ಪಾಡ್ ಮತ್ತವರ ತಂಡ ಬಹಳ ವರ್ಷದಿಂದ ಇದೇ ಕೆಲಸ ಮಾಡಿದೆ. ಮೇಲೆ ಹೇಳಿದ 2007ರ ವರದಿಯಲ್ಲಿ ಲೈಸಿನ್ ಬೇಡಿಕೆಯನ್ನು ಕಿಲೋಗೆ 12 ಮಿಲಿಗ್ರಾಂನಿಂದ 30ಕ್ಕೆ ಏರಿಸಿದ್ದಕ್ಕೆ ಬೆಂಗಳೂರಿನಲ್ಲಿ ನಮ್ಮವರ ಮೇಲೆಯೇ ನಡೆದ ಅಧ್ಯಯನಗಳೂ ಒಂದು ಆಧಾರ. ಆಮೇಲೆ 2018-19ರ ಹೊತ್ತಿಗೆ ಅವರು ಇನ್ನೊಂದು ಕೆಲಸ ಮಾಡಿದರು. ಆಹಾರಕ್ಕೆ ಗುರುತಿನ ಐಸೊಟೋಪ್ ಸೇರಿಸಿ, ಭಾರತೀಯರ ಹೊಟ್ಟೆಯಲ್ಲಿ ಯಾವ ಪ್ರೋಟೀನ್ ಎಷ್ಟು ಒಳಗೆ ಹೋಗುತ್ತೆ ಅಂತ ಅಳೆದರು. ಬೇಯಿಸಿದ ಮೊಟ್ಟೆ ಶೇಕಡಾ 90ರ ಹತ್ತಿರ. ಹೆಸರುಕಾಳು 60ರ ಆಸುಪಾಸು. ಕಡಲೆ ಅದಕ್ಕಿಂತಲೂ ಒಂದು ಕೂದಲು ಕಡಿಮೆ. ಹೆಸರುಕಾಳಿನ ಸಿಪ್ಪೆ ತೆಗೆದು ಕೊಟ್ಟಾಗ ಸುಮಾರು ಹತ್ತು ಅಂಶ ಮೇಲೇರಿತು.

ಹೀರಿಕೊಳ್ಳೋದು ಅಂದ್ರೆ ಇದು ನೋಡಿ! ಏನು ತಿಂದ್ರಿ, ಹೇಗೆ ಬೇಯಿಸಿದ್ರಿ, ಸಿಪ್ಪೆ ಇತ್ತೋ ಇಲ್ವೋ ಅನ್ನೋದರಲ್ಲಿ ಹತ್ತು, ಮೂವತ್ತು ಅಂಶದ ವ್ಯತ್ಯಾಸ ಇದೆ. ಗಡಿಯಾರದಲ್ಲಿ ಇಲ್ಲ. ವಿಜಯವಾಡದ ಪೆಸರಟ್ಟು ನನಗೆ ಪ್ರಾಣ. ಶುಂಠಿ ಚಟ್ನಿ, ಒಳಗೆ ಉಪ್ಪಿಟ್ಟು ಇಟ್ಟು ಮಡಿಸಿದ್ದಾದರೆ ಇನ್ನೂ ಸರಿ. ಅದನ್ನು ಸಿಪ್ಪೆ ಸಮೇತ ನೆನೆಸಿ ರುಬ್ಬೋದು. ಎರಡು ಪೆಸರಟ್ಟಿಗೆ 60 ಗ್ರಾಂ ಕಾಳು ಹೋಗುತ್ತೆ ಅಂದ್ರೆ ಸುಮಾರು 13 ಗ್ರಾಂ ಪ್ರೋಟೀನ್, ಅದರಲ್ಲಿ ಮೈಗೆ ದಕ್ಕೋದು ಎಂಟು ಗ್ರಾಂ. ಹಸಿರು ಬಣ್ಣ ಮುಖ್ಯವೋ ಪ್ರೋಟೀನ್ ಮುಖ್ಯವೋ ನೀವೇ ತೀರ್ಮಾನಿಸಿ. ನಾನು ಹಸಿರಿನ ಪರ, ಜೊತೆಗೆ ಒಂದು ಲೋಟ ಮಜ್ಜಿಗೆಯ ಬದಲು ಗಟ್ಟಿ ಮೊಸರು ಹಾಕಿಸಿಕೊಳ್ತೀನಿ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮಿಥಿಯೊನಿನ್ ಕಡಿಮೆ, ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ ಅನ್ನೋದು ನಿಜ. ಆದರೆ ನಮ್ಮ ಮನೆಗಳಲ್ಲಿ ನಡೆಯೋದೇನು? ತಟ್ಟೆ ತುಂಬಾ ಅನ್ನ, ಅದರ ಮೇಲೆ ಬೇಳೆ ಎಲ್ಲೋ ಒಂದು ಕಡೆ ತೇಲುವ ತಿಳಿಸಾರು. ಕೊರತೆ ತುಂಬೋಕೆ ಬೇಳೆ ಸೌಟಿನಲ್ಲಿ ಬರಬೇಕು. ಈ ವಿಷಯದಲ್ಲಿ ತೆಲುಗರ ಮುದ್ದಪಪ್ಪು ನಮ್ಮ ಸಾರಿಗಿಂತ ವಾಸಿ ಅಂತ ಬರೆದದ್ದಕ್ಕೆ ಮೈಸೂರಿನ ನೆಂಟರು ಬೈದರೆ ಬೈಯಲಿ. ಮೊಟ್ಟೆಯ ಮಾತು ಬಂದಾಗಲೂ ಅಷ್ಟೇ. 2021ರ ಕೊನೆಗೆ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಯಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ನಮ್ಮಲ್ಲಿ ಎಷ್ಟು ಗಲಾಟೆ ಆಯ್ತು ಅಂತ ಇಲ್ಲಿ ಕೂತು ಪೇಪರಿನಲ್ಲಿ ಓದ್ತಿದ್ದೆ. ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಆಗಲೇ ವಾರಕ್ಕೆ ಐದು ಮೊಟ್ಟೆ ತಟ್ಟೆಗೆ ಬೀಳ್ತಿತ್ತು. ಬಡಮಕ್ಕಳಿಗೆ ಮೊಟ್ಟೆ ಬೇಡ ಅಂತ ಗುಡುಗಿದವರ ಮನೆ ಹುಡುಗರೇ ಜಿಮ್ಮಿನಲ್ಲಿ ಡಬ್ಬ ಕೊಳ್ಳುವವರು. ಇರಲಿ ಬಿಡಿ, ಅದು ಬೇರೆ ಜಗಳ.

ಈಗ ಗಡಿಯಾರ ನಿಜವಾಗಿ ಬೇಕಾದವರ ವಿಷಯ.

ವಿಜಯವಾಡದಲ್ಲಿ ನಮ್ಮವರೊಬ್ಬರು ಹಿರಿಯರಿದ್ದಾರೆ, ಬಳ್ಳಾರಿ ಕಡೆಯವರು. ನಾವೆಲ್ಲ ರಾಯರು ಅಂತೀವಿ. ಎಪ್ಪತ್ತೈದು ದಾಟಿದೆ. ಕೆಲವು ವರ್ಷದಿಂದ ಪಾರ್ಕಿನ್ಸನ್ಸ್. ಲೆವೊಡೋಪಾ ಮಾತ್ರೆ ದಿನಕ್ಕೆ ಮೂರು ಹೊತ್ತು, ಊಟಕ್ಕೆ ಅರ್ಧ ಗಂಟೆ ಮುಂಚೆ. ಮಾತ್ರೆ ಹಿಡಿದರೆ ಅವರೇ ಕಾಫಿ ಲೋಟ ಎತ್ತಿ ಕುಡೀತಾರೆ, ಪೇಪರ್ ಓದ್ತಾರೆ, ಕೃಷ್ಣಾ ನದಿ ಕಡೆ ನಡೆದು ಬರ್ತಾರೆ. ಹಿಡಿಯದಿದ್ದರೆ ಕುರ್ಚಿಯಿಂದ ಏಳೋದೇ ಕಷ್ಟ. ಅವರು ತೂಕ ಕಳಕೊಳ್ತಿದ್ದಾರೆ ಅಂತ ಮಗ ಒಂದು ಅಂಗಡಿಯಿಂದ ಅಮೈನೊ ಪುಡಿ ತಂದ. ಒಳ್ಳೇ ಹುಡುಗ, ಶಿಸ್ತಿನವನು. ಅಂಗಡಿಯವನು ಹೇಳಿದ ಹಾಗೆ ಚಾರ್ಟ್ ಬರೆದು ಫ್ರಿಡ್ಜಿಗೆ ಅಂಟಿಸಿದ. ಮೂರು ಹೊತ್ತು, ಬರಿಹೊಟ್ಟೆಗೆ, ಊಟಕ್ಕೆ ಅರ್ಧ ಗಂಟೆ ಮುಂಚೆ. ಅಂದ್ರೆ ಲೆವೊಡೋಪಾ ಜೊತೆಗೇ, ಅದೇ ಲೋಟದಲ್ಲಿ!

ಹತ್ತು ಹದಿನೈದು ದಿನದಲ್ಲಿ ರಾಯರು ಕುರ್ಚಿ ಹಿಡಿದರು. "ಗುಳಿಗಿ ಕೆಲಸಾ ಮಾಡವಲ್ದು ನೋಡ್ರಿ" ಅಂದ್ರು ನನ್ನ ಹತ್ತಿರ. ರೋಗ ಮುಂದುವರೀತಾ ಇದೆ ಅಂತ ಮನೆಯವರೆಲ್ಲ ಮಂಕಾಗಿ ಕೂತಿದ್ದರು. ಕೊನೆಗೆ ಅವರ ಡಾಕ್ಟರು, "ಹೊಸದಾಗಿ ಏನಾದ್ರೂ ಶುರು ಮಾಡಿದೀರಾ?" ಅಂತ ಕೇಳಿದ ಮೇಲೆ ಡಬ್ಬದ ವಿಷಯ ಹೊರಬಿತ್ತು.

ಆಗಿದ್ದು ಇಷ್ಟೇ. ಲೆವೊಡೋಪಾ ಕೂಡ ಒಂದು ಅಮೈನೊ ಆಸಿಡ್ಡೇ. (ನಮ್ಮ ಕಡೆ ಬೇಲಿ ಮೇಲೆ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಇದು ಇದೆ. ಇಲ್ಲಿಯವರು ದೂಲಗೊಂಡಿ ಅಂತಾರೆ.) ಕರುಳಿನಲ್ಲಿ ಅದು ಒಳಗೆ ಹೋಗೋದು ಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್ ಮುಂತಾದವು ಹೋಗುವ ಬಾಗಿಲಿನಿಂದಲೇ. ರಕ್ತದಿಂದ ಮಿದುಳಿಗೆ ದಾಟುವಾಗಲೂ ಅದೇ ತರಹದ ಹಂಚಿಕೊಂಡ ಬಾಗಿಲು. ಪುಡಿಯ ಗ್ರಾಮ್‌ಗಟ್ಟಲೆ ಅಮೈನೊ ಆಸಿಡ್ ಮುಂದೆ ನೂರು ಚಿಲ್ಲರೆ ಮಿಲಿಗ್ರಾಂ ಔಷಧಿ ಸಾಲಿನ ಕೊನೆಯಲ್ಲಿ ನಿಂತುಬಿಡುತ್ತೆ. ಪುಡಿ ಆ ಹೊತ್ತಿಗೆ ನಿಲ್ಲಿಸಿದ ಮೇಲೆ ರಾಯರು ಚೇತರಿಸಿಕೊಂಡರು. ಡಾಕ್ಟರು ಪ್ರೋಟೀನನ್ನು ಬಿಡಿಸಲಿಲ್ಲ, ತೂಕ ಇಳಿಯಬಾರದಲ್ಲ. ಹಗಲಿನ ಮಾತ್ರೆಗಳಿಂದ ದೂರ ಇಟ್ಟು, ಹೆಚ್ಚಿನ ಪಾಲು ರಾತ್ರಿ ಊಟಕ್ಕೆ ಸರಿಸಿದರು.

ನೋಡಿ, ಆ ಅಂಗಡಿಯವನಿಗೆ ನಿಮಿಷದ ಲೆಕ್ಕ ಗೊತ್ತಿತ್ತು. "ಯಾರಿಗೆ ತಗೊಂಡು ಹೋಗ್ತಿದೀರಾ? ಅವರು ಬೇರೆ ಏನು ಮಾತ್ರೆ ತಗೋತಾರೆ?" ಅಂತ ಒಂದೇ ಒಂದು ಪ್ರಶ್ನೆ ಗೊತ್ತಿರಲಿಲ್ಲ. ಹುಡುಗನ ತಪ್ಪು ಅಂತ ನಾನು ಹೇಳೋದಿಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ಬಾಟಲಿ ಮಾರೋಕೆ ಗಡಿಯಾರ ಕಲಿಸಿದವರಿಗೆ ಈ ಪ್ರಶ್ನೆ ಕಲಿಸೋಕೆ ಬರ್ತಿರಲಿಲ್ವೇ? ಬರ್ತಿತ್ತು. ಕೇಳಿದರೆ ಮೂರು ಗಿರಾಕಿಯಲ್ಲಿ ಒಬ್ಬ ಬರಿಗೈಲಿ ವಾಪಸ್ ಹೋಗ್ತಾನೆ.

ಥೈರಾಯ್ಡ್ ಮಾತ್ರೆಯದ್ದೂ ಇದೇ ಕತೆ, ಮತ್ತು ಇದು ನಮ್ಮ ಮನೆಮನೆಯಲ್ಲೂ ಇದೆ. ಥೈರಾಕ್ಸಿನನ್ನು ಬೆಳಿಗ್ಗೆ ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನದೆ ಇರಬೇಕು. ಸೋಯಾ, ಕ್ಯಾಲ್ಸಿಯಂ, ಕಬ್ಬಿಣ ಇರುವ ಪುಡಿಯನ್ನು ಅದರ ಬೆನ್ನಿಗೇ "ಪರಗಡುಪುನ" ಕುಡಿದರೆ ಥೈರಾಕ್ಸಿನ್ ಒಳಗೆ ಹೋಗೋದು ಕಡಿಮೆಯಾಗುತ್ತೆ. ಆಮೇಲೆ ಟೆಸ್ಟ್ ಮಾಡಿಸಿ ಡೋಸ್ ಏರಿಸಿಕೊಂಡು ಬರ್ತಾರೆ ನಮ್ಮ ಅಕ್ಕಂದಿರು. ಎರಡು "ಬರಿಹೊಟ್ಟೆ"ಗಳಿಗೆ ಇರೋದು ಒಂದೇ ಹೊಟ್ಟೆ ತಾನೆ?

ಇನ್ನು ಮೂತ್ರಪಿಂಡ. ಇದನ್ನು ಬೇರೆ ಊರಿನಲ್ಲಿದ್ದು ಬರೆದಿದ್ದರೆ ಒಂದು ಸಾಲಿನಲ್ಲಿ ಮುಗಿಸ್ತಿದ್ದೆನೋ ಏನೋ. ವೈಜಾಗಿನಿಂದ ಉತ್ತರಕ್ಕೆ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಅಂತ ಪ್ರದೇಶ ಇದೆ. ತೆಂಗು, ಗೇರು, ಸಮುದ್ರ, ನಮ್ಮ ಕರಾವಳಿ ನೆನಪಾಗುವಂಥ ಸೀಮೆ. ಸೋಂಪೇಟ, ಕವಿಟಿ, ಪಲಾಸ ಸುತ್ತಿನ ಹಳ್ಳಿಗಳಲ್ಲಿ ದಶಕಗಳಿಂದ ಜನರ ಮೂತ್ರಪಿಂಡ ಸೋಲ್ತಾ ಇದೆ, ಕಾರಣ ಇವತ್ತಿಗೂ ಖಚಿತವಾಗಿಲ್ಲ. ಬಹಳಷ್ಟು ಜನರಿಗೆ ರೋಗ ಅರ್ಧ ದಾರಿ ಬರುವವರೆಗೂ ಗೊತ್ತೇ ಆಗೋದಿಲ್ಲ. 2023ರ ಡಿಸೆಂಬರಿನಲ್ಲಿ ಪಲಾಸದಲ್ಲಿ ಇದಕ್ಕೇ ಅಂತ 200 ಹಾಸಿಗೆಯ ಆಸ್ಪತ್ರೆ ಆಯ್ತು. ಅಲ್ಲಿಯವರೆಗೆ ಎಷ್ಟೋ ಜನ ವೈಜಾಗಿನ ಕಿಂಗ್ ಜಾರ್ಜ್ ಆಸ್ಪತ್ರೆಗೇ ಬರಬೇಕಿತ್ತು. ವಿಜಯವಾಡದ ಹತ್ತಿರವೂ ಬಿಟ್ಟಿಲ್ಲ, ಎನ್‌ಟಿಆರ್ ಜಿಲ್ಲೆಯ ಎ. ಕೊಂಡೂರು ಮಂಡಲದ ತಾಂಡಾಗಳಲ್ಲಿ ಇದೇ ಗೋಳು. ಆ ಹಳ್ಳಿಗಳ ಹುಡುಗರು ಕೆಲಸಕ್ಕೆ ಅಂತ ಬರೋದು ಗಾಜುವಾಕಕ್ಕೆ, ಬೆಜವಾಡಕ್ಕೆ. ಸೇರೋದು ಇಲ್ಲಿಯ ಜಿಮ್ಮಿಗೆ. ಮೂತ್ರಪಿಂಡ ಚೆನ್ನಾಗಿದ್ದವನು ಸ್ವಲ್ಪ ಹೆಚ್ಚು ಪ್ರೋಟೀನ್ ತಿಂದರೆ ಅಪಾಯ ಅಂತ ನಾನು ಹೆದರಿಸೋದಿಲ್ಲ. ಆದರೆ ಕೆಟ್ಟಿದೆ ಅಂತ ಗೊತ್ತಿಲ್ಲದವನಿಗೆ ದಿನಕ್ಕೆ ಐದು ಹೊತ್ತಿನ ಚಾರ್ಟ್ ಬರೆದುಕೊಡುವ ಮೊದಲು ಒಂದು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸು ಅಂತ ಹೇಳೋರು ಬೇಡವೇ?

ವಿಪರ್ಯಾಸ ನೋಡಿ. ಅದೇ ಮೂತ್ರಪಿಂಡ ರೋಗಿಗಳಲ್ಲಿ ಡಯಾಲಿಸಿಸ್‌ಗೆ ಹೋಗದ ಕೆಲವರಿಗೆ ಡಾಕ್ಟರು ಪ್ರೋಟೀನ್ ಕಡಿಮೆ ಮಾಡಿಸಿ, ಕೀಟೋ ಅನಲಾಗ್ ಮಾತ್ರೆ ಬರೆದುಕೊಡ್ತಾರೆ. ಅಮೈನೊ ಆಸಿಡ್ಡಿನ ಅಣ್ಣತಮ್ಮಂದಿರು ಅವು, ಸಾರಜನಕದ ತುಂಡು ಮಾತ್ರ ಇರೋದಿಲ್ಲ. ಅವನ್ನು ಊಟದ ಜೊತೆಗೇ ನುಂಗಬೇಕು, ಆಗಲೇ ಸರಿಯಾಗಿ ಹೀರಿಕೊಂಡು ಅಮೈನೊ ಆಸಿಡ್ ಆಗಿ ಬದಲಾಗೋದು. ಅಂದ್ರೆ ಔಷಧಿಯ ದರ್ಜೆಯ ಮಾತ್ರೆಗೆ ಡಾಕ್ಟರು "ಊಟದ ಜೊತೆ" ಅಂತಾರೆ, ಡಬ್ಬದ ಅಂಗಡಿಯವರು "ಊಟದ ಹತ್ತಿರಕ್ಕೂ ತರಬೇಡಿ" ಅಂತಾರೆ. ಹುಟ್ಟಿನಿಂದಲೇ ಫಿನೈಲ್‌ಕೀಟೊನ್ಯೂರಿಯ ಇರುವ ಮಕ್ಕಳಿಗೂ ಅಮೈನೊ ಆಸಿಡ್ ಮಿಶ್ರಣವೇ ಜೀವಾಧಾರ. ಅದನ್ನೂ ದಿನಕ್ಕೆ ಮೂರು ನಾಲ್ಕು ಪಾಲು ಮಾಡಿ ಊಟದ ಹೊತ್ತಿಗೇ ಕೊಡೋದು.

ಇಷ್ಟಾದ ಮೇಲೂ ಡಬ್ಬದೊಳಗೆ ಬರೆದದ್ದೇ ಇದೆಯೇ? 2024ರಲ್ಲಿ ಕೇರಳದ ವೈದ್ಯ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿದರು. ಹತ್ತಿರ ಹತ್ತಿರ ಶೇಕಡಾ 70ರಲ್ಲಿ ಚೀಟಿಯ ಲೆಕ್ಕಕ್ಕೂ ಒಳಗಿನ ಲೆಕ್ಕಕ್ಕೂ ತಾಳೆಯಿಲ್ಲ. ಕೆಲವು ಡಬ್ಬಗಳಲ್ಲಿ ಹೇಳಿದ್ದರ ಅರ್ಧವೂ ಇರಲಿಲ್ಲ. ಇದು ಹೇಗೆ ನಡೆಯುತ್ತೆ ಅಂದ್ರೆ, ಸಾಮಾನ್ಯ ಪರೀಕ್ಷೆಯಲ್ಲಿ ಅಳೆಯೋದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅಂತಾರೆ. ಗ್ಲೈಸಿನ್ನಿನಂಥ ಅಗ್ಗದ ಅಮೈನೊ ಆಸಿಡ್ ಸುರಿದರೆ ಸಾರಜನಕ ಏರುತ್ತೆ, ಕಾಗದದ ಮೇಲೆ ಪ್ರೋಟೀನೂ ಏರುತ್ತೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮಿನ್ ಬೆರೆಸಿದ್ದೂ ಇದೇ ಸಂದಿಯಲ್ಲಿ ನುಸುಳಿ. ಬ್ಯಾಂಕಿನಲ್ಲಿ ಇಂಥ ಕೆಲಸ ಮಾಡಿದವನಿಗೆ ಸಸ್ಪೆನ್ಷನ್ ಆರ್ಡರ್ ಬರುತ್ತೆ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಭಾರತೀಯರಿಗೆ ಆಹಾರ ಸೂತ್ರಗಳನ್ನು ಹೊರತಂದಾಗ, ಮೈಕಟ್ಟು ಬೆಳೆಸೋಕೆ ಪ್ರೋಟೀನ್ ಸಪ್ಲಿಮೆಂಟ್ ಬೇಡ ಅಂತ ನೇರವಾಗಿಯೇ ಹೇಳಿತು. ಡಬ್ಬದ ಮೇಲೂ "ಔಷಧೀಯ ಬಳಕೆಗಲ್ಲ" ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತೆ. ಔಷಧಿ ಅಲ್ಲದ ವಸ್ತುವಿಗೆ ಔಷಧಿಯ ಹಾಗೆ ಹೊತ್ತು ಗೊತ್ತು ಯಾಕೆ ಅಂತ ಒಬ್ಬರೂ ಕೇಳೋದಿಲ್ಲ.

"ಹಾಗಾದ್ರೆ ಯಾರಿಗೂ ಬೇಡವೇ?" ಅಂತ ಕೇಳ್ತೀರಿ. ಬೇಕಾದವರಿದ್ದಾರೆ. ಹಲ್ಲಿಲ್ಲದ, ಹಸಿವಿಲ್ಲದ ವಯಸ್ಸಾದವರು, ಆಪರೇಷನ್ ಆಗಿ ಮಲಗಿದವರು, ಮೊಟ್ಟೆ ಮೀನು ಮುಟ್ಟದೆ ಹಾಲೂ ಒಗ್ಗದವರು. ಅರವತ್ತೈದು ದಾಟಿದವರಿಗೆ ಕಿಲೋಗೆ ಒಂದು ಗ್ರಾಂ, ಅದಕ್ಕಿಂತ ತುಸು ಹೆಚ್ಚೇ ಪ್ರೋಟೀನ್ ಇರಲಿ ಅಂತ ತಜ್ಞರು ಹೇಳ್ತಾರೆ. ರಾತ್ರಿ ಎರಡು ಇಡ್ಲಿ, ಅರ್ಧ ಲೋಟ ಹಾಲಿಗೆ ಮುಗಿಸುವ ನಮ್ಮ ಅಪ್ಪ ಅಮ್ಮಂದಿರಿಗೆ ಅದು ಸಿಗೋದು ಕಷ್ಟ. ಅವರ ವಿಷಯದಲ್ಲಿ ಹೊತ್ತಿಗೆ ಸ್ವಲ್ಪ ಬೆಲೆ ಇದೆ, ಅದೂ ನಿಮಿಷದ ಲೆಕ್ಕದಲ್ಲಿ ಅಲ್ಲ. ಮೂರೂ ಊಟದಲ್ಲಿ ಪ್ರೋಟೀನ್ ಹಂಚಿಹೋಗಿರಲಿ, ಮಧ್ಯಾಹ್ನಕ್ಕೇ ಎಲ್ಲ ಗುಡ್ಡೆ ಹಾಕೋದು ಬೇಡ, ಅಷ್ಟು. ಪುಡಿ ಕೊಡಲೇಬೇಕು ಅಂತಿದ್ದರೆ ಬಿಡಿ ಅಮೈನೊ ಆಸಿಡ್ ಬಿಟ್ಟು, 9 ಅಗತ್ಯದವೂ ಇರುವ ಇಡೀ ಪ್ರೋಟೀನ್ ಆರಿಸಿ. ಡಾಕ್ಟರಿಗೆ ಹೇಳಿ, ಕ್ರಿಯಾಟಿನಿನ್ ನೋಡಿಸಿ. ರಾಗಿ ಗಂಜಿಗೋ ಹಾಲಿಗೋ ಬೆರೆಸಿ ತಿಂಡಿಯ ಜೊತೆಗೇ ಕೊಡಿ. ಲೆವೊಡೋಪಾ, ಥೈರಾಕ್ಸಿನ್ ತಗೊಳ್ಳುವವರಿಗೆ ಮಾತ್ರೆಗೂ ಪುಡಿಗೂ ಎಷ್ಟು ಅಂತರ ಅಂತ ಅವರ ಡಾಕ್ಟರನ್ನೇ ಕೇಳಿ, ಚಾರ್ಟ್ ಬರೆಯೋದಾದರೆ ಅದನ್ನು ಬರೆದು ಫ್ರಿಡ್ಜಿಗೆ ಅಂಟಿಸಿ. ಮುಚ್ಚಳ ಗಟ್ಟಿ ಹಾಕಿ ಒಣಗಿದ ಚಮಚವನ್ನೇ ಬಳಸಿ, ವೈಜಾಗಿನ ಸಮುದ್ರದ ಗಾಳಿಗೆ ಪುಡಿ ಎರಡೇ ದಿನದಲ್ಲಿ ಗಂಟು ಕಟ್ಟುತ್ತೆ. ಬೆಜವಾಡದಲ್ಲಿ ಇರೋರು ಮೇ ತಿಂಗಳಲ್ಲಿ ಡಬ್ಬವನ್ನು ಕಾರಿನಲ್ಲಿ ಮರೆತು ಬರಬೇಡಿ.